ಲಂಡನ್ನಿನಲ್ಲಿ ದಾರಿ ಕೇಳಿದ್ದು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದು ಊಟದ ಸಂದರ್ಭದಲ್ಲಲ್ಲ, ಪ್ರಯಾಣದ ಸಂದರ್ಭದಲ್ಲಿ. ಪರಸ್ಥಳಕ್ಕೆ ಹೊರಟವರಿಗೆ ನಮ್ಮ ಅಜ್ಜಿ ಹೇಳುತ್ತಿದ್ದ ಬುದ್ಧಿವಾದ ಅದೊಂದೇ. ದಾರಿ ತಿಳಿಯದೆ ಹೋದರೆ ಕೇಳಬೇಕು. ಕೇಳಿದರೆ ಯಾರಾದರೂ ಹೇಳುತ್ತಾರೆ. ನಮ್ಮಲ್ಲಿ ಇಂದಿಗೂ ಬಹುಮಟ್ಟಿಗೆ ಹೀಗೆಯೇ ನಡೆದಿದೆ. ಬೀಡಿ ಅಂಗಡಿಯವನು, ಆಟೋ ನಿಲ್ದಾಣದವನು, ಕಟ್ಟೆಯ ಮೇಲೆ ಕುಳಿತ ಮುದುಕ, ಇವರೇ ನಮ್ಮ ನಕ್ಷೆಗಳು. ‘ಇಲ್ಲೇ ಕೂಗಳತೆ ದೂರ’ ಎಂದವರ ಮಾತು ನಂಬಿ ಎರಡು ಮೈಲಿ ನಡೆದವರೂ ಉಂಟು. ಆದರೂ ಹೇಳಿದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ಕಳೆದ ವರ್ಷದ ಬೇಸಗೆ ರಜೆಯಲ್ಲಿ ಹದಿನೈದು ದಿನ ಲಂಡನ್ನಿನಲ್ಲಿದ್ದೆ. ಹಳೆಯ ಶಿಷ್ಯನೊಬ್ಬ ನಗರದ ವಾಯವ್ಯ ಮೂಲೆಯ ಹ್ಯಾರೋ ಎಂಬಲ್ಲಿ ಮನೆ ಮಾಡಿದ್ದಾನೆ. ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷ ಕನ್ನಡವನ್ನೇ ಪಾಠ ಹೇಳಿದ ನನಗೆ ಇಂಗ್ಲಿಷು ಓದಲು ಬರುತ್ತದೆ. ಆದರೆ ಓಡುತ್ತಿರುವವನನ್ನು ನಿಲ್ಲಿಸಿ ಮಾತನಾಡಿಸುವಷ್ಟು ಬರುವುದಿಲ್ಲ. ಲಂಡನ್ನಿನಲ್ಲಿಯೋ ಎಲ್ಲರೂ ಓಡುತ್ತಿರುವವರೇ.

ಮೊದಲ ನಾಲ್ಕು ದಿನ ಶಿಷ್ಯನೇ ಕೈಹಿಡಿದು ತಿರುಗಾಡಿಸಿದ. ಐದನೆಯ ದಿನ ಅವನು ಕೆಲಸಕ್ಕೆ ಹೊರಟಾಗ, ಥೇಮ್ಸ್ ದಡದ ಬಸವೇಶ್ವರರ ಪ್ರತಿಮೆಯನ್ನು ನಾನೊಬ್ಬನೇ ಹೋಗಿ ನೋಡಿ ಬರುತ್ತೇನೆ ಎಂದೆ. “ಬೇಡಿ ಸಾರ್, ಶನಿವಾರ ನಾನೇ ಕರೆದುಕೊಂಡು ಹೋಗ್ತೀನಿ. ನೀವೊಬ್ಬರೇ ಕಷ್ಟ” ಎಂದ. ಅವನದು ಪ್ರೀತಿಯ ಮಾತೇ. ಆದರೆ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಛಂದಸ್ಸಿಗೆ ಹೆದರುತ್ತಿದ್ದ ಹುಡುಗ ನನ್ನನ್ನು ಮಗುವಿನಂತೆ ಕಾಯುವುದು ನನ್ನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಹೊರಟೇ ಹೊರಟೆ. ಅವನು ಒಂದು ಚೀಟಿಯಲ್ಲಿ ದಾರಿ ಬರೆದುಕೊಟ್ಟ: ಹ್ಯಾರೋದಿಂದ ಮೆಟ್ರೊಪಾಲಿಟನ್ ಮಾರ್ಗದಲ್ಲಿ ಬೇಕರ್ ಸ್ಟ್ರೀಟ್, ಅಲ್ಲಿ ಬಂಡಿ ಬದಲಿಸಿ ಜುಬಿಲಿ ಮಾರ್ಗದಲ್ಲಿ ವೆಸ್ಟ್‌ಮಿನ್‌ಸ್ಟರ್, ಅಲ್ಲಿಂದ ನಡಿಗೆ. ಜೊತೆಗೆ ಒಂದು ಕಾರ್ಡು ಕೊಟ್ಟ. 2003ರಲ್ಲಿ ಬಳಕೆಗೆ ಬಂದ ಈ ಕಾರ್ಡನ್ನು ಬಾಗಿಲಿನ ಹಳದಿ ಬಿಲ್ಲೆಗೆ ಮುಟ್ಟಿಸಿದರೆ ದಾರಿ ಬಿಡುತ್ತದೆ. ದಿನದ ಖರ್ಚು ಒಂದು ಮಿತಿ ಮುಟ್ಟಿದ ಮೇಲೆ ಆ ದಿನ ಇನ್ನೆಷ್ಟು ಸುತ್ತಿದರೂ ಹೆಚ್ಚಿನ ಹಣ ಹಿಡಿಯುವುದಿಲ್ಲ. ಬಸ್ಸಿನಲ್ಲಂತೂ 2014ರಿಂದ ನಾಣ್ಯ ನೋಟುಗಳನ್ನು ಮುಟ್ಟುವುದೇ ಇಲ್ಲ. ಚಿಲ್ಲರೆಗಾಗಿ ಕಂಡಕ್ಟರನೊಡನೆ ವಾದಿಸುವ ಸುಖ ಅಲ್ಲಿಯವರಿಗೆ ತಪ್ಪಿಹೋಗಿದೆ.

ಹ್ಯಾರೋ ನಿಲ್ದಾಣದಲ್ಲಿ ಕುಳಿತು ಬಂಡಿಗಾಗಿ ಕಾಯುವಾಗ, ನಾನು ಹತ್ತಲಿರುವುದು ಎಂಥ ಹಳೆಯ ಮನೆತನದ ಬಂಡಿ ಎಂಬುದು ನೆನಪಾಯಿತು. ಜಗತ್ತಿನ ಮೊತ್ತಮೊದಲ ನೆಲದಡಿಯ ರೈಲನ್ನು ಓಡಿಸಿದ ಮೆಟ್ರೊಪಾಲಿಟನ್ ರೈಲ್ವೆ ಕಂಪನಿಯ ಹಳಿಗಳೇ 1880ರಲ್ಲಿ ಹ್ಯಾರೋವರೆಗೆ ಚಾಚಿದವು. ಆ ರೈಲಿನ ಕನಸು ಕಂಡವನು ಎಂಜಿನಿಯರನಲ್ಲ, ಒಬ್ಬ ವಕೀಲ. ಚಾರ್ಲ್ಸ್ ಪಿಯರ್ಸನ್ ಎಂಬ ಈತ ಲಂಡನ್ ನಗರಸಭೆಯ ಕಾನೂನು ಅಧಿಕಾರಿ. ಬಡ ಕೆಲಸಗಾರರು ನಗರದ ನಡುವೆ ಉಸಿರುಗಟ್ಟುವ ಕೊಳೆಗೇರಿಗಳಲ್ಲಿ ತುಂಬಿಕೊಂಡಿದ್ದ ಕಾಲ ಅದು. ದುಡಿಮೆ ಇರುವಲ್ಲಿಯೇ ಅವರು ಬದುಕಬೇಕು, ಏಕೆಂದರೆ ದೂರದಿಂದ ಬರಲು ಕಾಸಿಲ್ಲ. ಅಗ್ಗದ ರೈಲೊಂದು ನಗರದ ಹೃದಯದವರೆಗೆ ಬಂದರೆ ಅವರು ಹೊರಗಿನ ಗಾಳಿ ಬೆಳಕಿನಲ್ಲಿ ಮನೆ ಮಾಡಿಕೊಳ್ಳಬಹುದು ಎಂಬುದು ಪಿಯರ್ಸನ್ನನ ವಾದ. ವರ್ಷಗಟ್ಟಲೆ ಇದನ್ನೇ ಹೇಳಿ ಹೇಳಿ, ಕೊನೆಗೆ ನಗರಸಭೆಯೇ ಕಂಪನಿಯಲ್ಲಿ 2 ಲಕ್ಷ ಪೌಂಡು ತೊಡಗಿಸುವಂತೆ ಮಾಡಿದ. ರಸ್ತೆಯನ್ನು ಅಗೆದು, ಹಳಿ ಹಾಸಿ, ಮೇಲೆ ಕಮಾನು ಕಟ್ಟಿ ಮತ್ತೆ ಮುಚ್ಚುವುದು ಕೆಲಸದ ರೀತಿ. 1862ರ ಜೂನಿನಲ್ಲಿ ಫ್ಲೀಟ್ ಎಂಬ ಮೋರಿ ಒಡೆದು ಕೊಳಚೆ ನೀರು ಸುರಂಗಕ್ಕೆ ನುಗ್ಗಿತು. ಅದೇ ಸೆಪ್ಟೆಂಬರಿನಲ್ಲಿ ಪಿಯರ್ಸನ್ ತೀರಿಕೊಂಡ. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್‌ಡನ್‌ವರೆಗಿನ ಸುಮಾರು ಆರು ಕಿಲೋಮೀಟರು ದಾರಿಯಲ್ಲಿ ಮೊದಲ ಬಂಡಿ ಸಾರ್ವಜನಿಕರನ್ನು ಹೊತ್ತು ಓಡಿದಾಗ ಅದನ್ನು ನೋಡಲು ಆತನಿರಲಿಲ್ಲ. ಆ ದಿನ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಹತ್ತಿದರು. ಮರದ ಗಾಡಿಗಳು, ಗ್ಯಾಸಿನ ದೀಪ, ಎಳೆಯಲು ಉಗಿಯಂತ್ರ. ಸುರಂಗದ ತುಂಬ ಹೊಗೆ. ಮರುವರ್ಷವೇ ಕೂಲಿಕಾರರಿಗಾಗಿ ಬೆಳಗಿನ ಅಗ್ಗದ ಬಂಡಿಗಳು ಹೊರಟವು. ಹೋಗಿಬರಲು 3 ಪೆನ್ಸು. ಆದರೆ ಇದೇ ಹಳಿಗಾಗಿ ಫ್ಲೀಟ್ ಕಣಿವೆಯಲ್ಲಿ ಬಡವರ ಮನೆಗಳೇ ನೆಲಸಮವಾದದ್ದನ್ನೂ ಚರಿತ್ರೆ ಮರೆಯುವಂತಿಲ್ಲ.

ಬಂಡಿಯಲ್ಲಿ ಕುಳಿತವನಿಗೆ ಮುಖ್ಯವಾದ ಪ್ರಶ್ನೆ ಒಂದೇ: ನಾನು ಈಗ ಎಲ್ಲಿದ್ದೇನೆ? ನೆಲದ ಮೇಲಾದರೆ ಗುಡಿಯ ಗೋಪುರ, ಕೆರೆಯ ಏರಿ ನೋಡಿ ಊಹಿಸಬಹುದು. ನೆಲದ ಕೆಳಗೆ ಎಲ್ಲ ಕತ್ತಲೆಯೂ ಒಂದೇ. 1890ರಲ್ಲಿ ಆಳದಲ್ಲಿ ಕೊರೆದ ಕೊಳವೆಯಂಥ ಸುರಂಗದಲ್ಲಿ ವಿದ್ಯುತ್ ರೈಲು ಬಂದಾಗ, ಹೊರಗೆ ನೋಡುವುದೇನಿದೆ ಎಂದು ಆ ಗಾಡಿಗಳಿಗೆ ಕಿಟಕಿಗಳನ್ನೇ ಇಡಲಿಲ್ಲ ಎನ್ನಬಹುದು. ಸೂರಿನ ಬಳಿ ಸಣ್ಣ ಕಿಂಡಿಗಳಷ್ಟೇ. ನಿಲ್ದಾಣ ಬಂದಾಗ ಸೇವಕನೊಬ್ಬ ಅದರ ಹೆಸರು ಕೂಗುತ್ತಿದ್ದ. ಆತನ ಉಚ್ಚಾರಣೆಯೇ ಪ್ರಯಾಣಿಕನ ಭಾಗ್ಯ. ಕಿಟಕಿಗಳು ಬಂದ ಮೇಲೂ ತೊಂದರೆ ತಪ್ಪಲಿಲ್ಲ. ಪ್ಲಾಟ್‌ಫಾರಮಿನ ಗೋಡೆಯ ತುಂಬ ಚಹ, ಸಾಬೂನು, ಔಷಧಿಗಳ ಜಾಹೀರಾತು. ಆ ಗದ್ದಲದಲ್ಲಿ ನಿಲ್ದಾಣದ ಹೆಸರು ಯಾವುದೆಂದು ಹುಡುಕುವುದರೊಳಗೆ ಬಂಡಿ ಹೊರಟುಬಿಡುತ್ತಿತ್ತು.

ಇದನ್ನು ಕಂಡು ಸರಿಪಡಿಸಿದವನು ಫ್ರಾಂಕ್ ಪಿಕ್. ಈತನೂ ಓದಿದ್ದು ಕಾನೂನು. 1908ರ ಹೊತ್ತಿಗೆ ಅಂಡರ್‌ಗ್ರೌಂಡ್ ಕಂಪನಿಯ ಪ್ರಚಾರದ ಕೆಲಸ ಈತನ ಕೈಗೆ ಬಂತು. ಜಾಹೀರಾತುಗಳಿಗೆ ಬೇರೆ ಚೌಕಟ್ಟು ಹಾಕಿಸಿ, ಹೆಸರಿಗೆ ಬೇರೆ ಜಾಗ ಮಾಡಿಸಿದ. ಕೆಂಪು ಬಿಲ್ಲೆಯ ಮೇಲೆ ನೀಲಿ ಪಟ್ಟಿ, ಪಟ್ಟಿಯ ಮೇಲೆ ಬಿಳಿಯ ಅಕ್ಷರದಲ್ಲಿ ಊರ ಹೆಸರು: ಇಂದು ಲಂಡನ್ನಿನ ಹಣೆಯ ಬೊಟ್ಟಿನಂತಿರುವ ಆ ಗುರುತು ಹುಟ್ಟಿದ್ದು ಅಂದವಾಗಿರಲೆಂದಲ್ಲ, ಬಂಡಿಯೊಳಗಿನ ಹೊಸಬನ ಕಣ್ಣಿಗೆ ಬೀಳಲೆಂದು. ಅಕ್ಷರಗಳೂ ಸ್ಪಷ್ಟವಾಗಿರಬೇಕೆಂದು ಪಿಕ್ ಎಡ್ವರ್ಡ್ ಜಾನ್‌ಸ್ಟನ್ ಎಂಬ ಲಿಪಿಕಾರನನ್ನು ಹಿಡಿದ. ದೂರದ ಉರುಗ್ವೆಯಲ್ಲಿ ಹುಟ್ಟಿ, ಹಳೆಯ ಹಸ್ತಪ್ರತಿಗಳನ್ನು ನೋಡಿ ನೋಡಿ ಬರವಣಿಗೆಯನ್ನು ತಪಸ್ಸಿನಂತೆ ಕಲಿತವನು ಆತ. 1916ರಲ್ಲಿ ಸಿದ್ಧವಾದ ಅವನ ಅಕ್ಷರಗಳಲ್ಲಿ ಬಾಲವಿಲ್ಲ, ಬಳುಕಿಲ್ಲ. ‘ಐ’ ಅಕ್ಷರದ ಮೇಲಿನ ಚುಕ್ಕೆ ಮಾತ್ರ ಗುಂಡಾಗಿರದೆ ಸಣ್ಣ ವಜ್ರದ ಆಕಾರದಲ್ಲಿದೆ. ಅಷ್ಟೊಂದೇ ಅವನು ತನಗಾಗಿ ಇಟ್ಟುಕೊಂಡ ಸಂತೋಷ. ಅಕ್ಷರ ಕಲಿಸುವುದೇ ಹೊಟ್ಟೆಪಾಡಾಗಿರುವ ನಾನು ನಿಲ್ದಾಣ ನಿಲ್ದಾಣದಲ್ಲೂ ಆ ಚುಕ್ಕೆಯನ್ನು ಹುಡುಕಿ ನೋಡಿದೆ.

ಬಂಡಿಯ ಬಾಗಿಲ ಬಳಿ ಅಂಟಿಸಿದ್ದ ನಕ್ಷೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಳೆಯ ನಕ್ಷೆಗಳು ನೆಲದ ಅಳತೆಗೆ ನಿಷ್ಠವಾಗಿದ್ದವು. ಅದರಿಂದಾಗಿ ನಗರದ ನಡುವಿನ ನಿಲ್ದಾಣಗಳು ಇರುವೆಸಾಲಿನಂತೆ ಮುತ್ತಿಕೊಂಡು, ಹೊರವಲಯದವು ಕಾಗದದ ಅಂಚಿಗೆ ಓಡಿಹೋಗುತ್ತಿದ್ದವು. ಹ್ಯಾರಿ ಬೆಕ್ ಎಂಬ ನಕಾಶೆಗಾರ ರೈಲಿನ ಸಿಗ್ನಲ್ ಕಚೇರಿಯಲ್ಲಿ ಚಿತ್ರ ಬರೆಯುತ್ತಿದ್ದವನು. ಕೆಲಸ ಕಾಯಂ ಅಲ್ಲ. 1931ರಲ್ಲಿ ಆತನಿಗೆ ಒಂದು ವಿಚಾರ ಹೊಳೆಯಿತು: ನೆಲದಡಿ ಹೋಗುವವನಿಗೆ ಮೇಲಿನ ರಸ್ತೆಯ ಗೊಡವೆ ಏಕೆ? ಯಾವ ನಿಲ್ದಾಣದ ಬಳಿಕ ಯಾವುದು, ಎಲ್ಲಿ ಬಂಡಿ ಬದಲಿಸಬೇಕು, ಇವೆರಡು ಗೊತ್ತಾದರೆ ಸಾಕಲ್ಲವೆ? ಗೆರೆಗಳನ್ನೆಲ್ಲ ಅಡ್ಡ, ಉದ್ದ, ಓರೆ ಮಾಡಿ ನೇರಗೊಳಿಸಿದ. ನಡುವಿನ ಭಾಗವನ್ನು ಹಿಗ್ಗಿಸಿ ಹೊರಭಾಗವನ್ನು ಕುಗ್ಗಿಸಿದ. ನೆಲದ ಮೇಲಿನ ಗುರುತುಗಳಲ್ಲಿ ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನೇ. ಅಧಿಕಾರಿಗಳು ಮೊದಲು ಬೇಡವೆಂದರು. ಆತ ಬಿಡಲಿಲ್ಲ. 1933ರ ಜನವರಿಯಲ್ಲಿ ಲಕ್ಷಗಟ್ಟಲೆ ಪ್ರತಿ ಅಚ್ಚಾಗಿ ಜನರ ಕೈಸೇರಿತು. ಸ್ವಲ್ಪ ದಿನಗಳಲ್ಲೇ ಮರುಮುದ್ರಣ ಬೇಕಾಯಿತು. ಜಗತ್ತಿನ ಎಷ್ಟೋ ನಗರಗಳ ರೈಲು ನಕ್ಷೆಗಳು ಇಂದು ಅದರ ಮಕ್ಕಳು ಮೊಮ್ಮಕ್ಕಳು. ಬೆಕ್ಕನಿಗಾದರೋ 1960ರಲ್ಲಿ ಹೊರಬಂದ ಹೊಸ ನಕ್ಷೆಯ ಮೇಲೆ ಬೇರೊಬ್ಬರ ಹೆಸರು ನೋಡುವ ಯೋಗ ಬಂತು. ವರ್ಷಗಳ ಕಾಲ ಪತ್ರ ಬರೆದು ಹೋರಾಡಿ, ದಣಿದು, 1974ರಲ್ಲಿ ಕಣ್ಣುಮುಚ್ಚಿದ. ಬಹಳ ತಡವಾಗಿ ಆತನ ಹೆಸರು ಮತ್ತೆ ನಕ್ಷೆಯ ಮೂಲೆಗೆ ಬಂದಿದೆ.

ಆ ನಕ್ಷೆ ನಿಜ ಹೇಳುವುದಿಲ್ಲ, ಆದರೆ ದಾರಿ ಹೇಳುತ್ತದೆ. ಇವೆರಡರ ವ್ಯತ್ಯಾಸ ತಿಳಿಯದೆ ನಾನು ಒಮ್ಮೆ ಬೆಪ್ಪಾದೆ. ಲೆಸ್ಟರ್ ಸ್ಕ್ವೇರಿನಿಂದ ಕೋವೆಂಟ್ ಗಾರ್ಡನ್ನಿಗೆ ಹೋಗಬೇಕಾಗಿ, ಶಿಸ್ತಾಗಿ ಸುರಂಗಕ್ಕಿಳಿದು ಬಂಡಿ ಹತ್ತಿದೆ. ಕುಳಿತುಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಯಿತು. ಅಲ್ಲಿ ಲಿಫ್ಟಿನ ಮುಂದೆ ಜಾತ್ರೆಯಂಥ ಜನ. ಮೆಟ್ಟಿಲೇ ಹತ್ತೋಣವೆಂದು ಹೊರಟೆ. ಆ ಸುತ್ತುಮೆಟ್ಟಿಲುಗಳು 193. ಏದುಸಿರು ಬಿಡುತ್ತ ಮೇಲೆ ಬಂದು ವಿಚಾರಿಸಿದರೆ ಎರಡು ನಿಲ್ದಾಣಗಳ ನಡುವಿನ ದೂರ ಮುನ್ನೂರು ಮೀಟರೂ ಇಲ್ಲವಂತೆ. ಇದೊಂದೇ ನಿಜವಾದ ಕೂಗಳತೆ; ಅದನ್ನು ಹೇಳಲು ಅಲ್ಲಿ ಬೀಡಿ ಅಂಗಡಿಯವನಿರಲಿಲ್ಲ. ಆದರೂ ಲಂಡನ್ನಿನ ಜನಕ್ಕೆ ಈ ಸುಳ್ಳಿನ ನಕ್ಷೆಯ ಮೇಲೆ ಎಷ್ಟು ಮಮತೆಯೆಂದರೆ, 2009ರಲ್ಲಿ ಅದರಿಂದ ಥೇಮ್ಸ್ ನದಿಯನ್ನು ತೆಗೆದುಹಾಕಿದಾಗ ಊರೇ ಕೂಗಾಡಿತು. ಕೆಲವೇ ತಿಂಗಳಲ್ಲಿ ನದಿ ಮತ್ತೆ ತನ್ನ ಪಾತ್ರಕ್ಕೆ ಮರಳಿತು.

ಇನ್ನು ನನ್ನ ಯಾತ್ರೆಗೆ ಬರೋಣ. ಬೇಕರ್ ಸ್ಟ್ರೀಟಿನಲ್ಲಿ ಇಳಿದೆ. ಐದು ಮಾರ್ಗಗಳು ಕೂಡುವ, ಹತ್ತು ಪ್ಲಾಟ್‌ಫಾರಮುಗಳ ಮಹಾ ನಿಲ್ದಾಣ ಅದು. ಅವುಗಳಲ್ಲಿ ಎರಡು 1863ರವೇ. ಇಟ್ಟಿಗೆಯ ಕಮಾನಿನ ಕೆಳಗೆ ನಿಂತು, ಪಿಯರ್ಸನ್ನನಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಆ ಭಕ್ತಿಯ ಭರದಲ್ಲಿಯೇ ಜುಬಿಲಿ ಮಾರ್ಗದ ಬಂಡಿ ಬಂದದ್ದನ್ನು ಕಂಡು ಹತ್ತಿಬಿಟ್ಟೆ. ಮುಂದಿನ ನಿಲ್ದಾಣದ ಕೆಂಪು ಬಿಲ್ಲೆಯ ಮೇಲೆ ಸೇಂಟ್ ಜಾನ್ಸ್ ವುಡ್ ಎಂದಿತ್ತು. ಶಿಷ್ಯನ ಚೀಟಿಯಲ್ಲಿ ಆ ಹೆಸರೇ ಇಲ್ಲ! ಗಾಬರಿಯಿಂದ ಇಳಿದೆ. ಲಾರ್ಡ್ಸ್ ಕ್ರಿಕೆಟ್ ಮೈದಾನಕ್ಕೆ ಇಳಿಯುವ ನಿಲ್ದಾಣ ಅದು. ನಮ್ಮ ರಾಹುಲ್ ದ್ರಾವಿಡ್ 1996ರಲ್ಲಿ ತಮ್ಮ ಮೊದಲ ಟೆಸ್ಟಿನಲ್ಲಿ 95 ಓಟ ಗಳಿಸಿದ ಸ್ಥಳ. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಅಂದು ಮಾತ್ರ ಕಾಲು ನಡುಗುತ್ತಿತ್ತು. ಶನಿವಾರದವರೆಗೆ ಕಾಯಬೇಕಿತ್ತು ಎಂದು ಮನಸ್ಸು ಹಂಗಿಸುತ್ತಿತ್ತು. ಬಾಯಿದ್ದೂ ಬಾಯಿಲ್ಲದವನಾಗಿದ್ದೆ.

ಕೆಲಸದ ಉಡುಪಿನಲ್ಲಿದ್ದ ನಡುವಯಸ್ಸಿನ ಕರಿಯ ಹೆಣ್ಣುಮಗಳೊಬ್ಬರು ನನ್ನ ಮುಖ ನೋಡಿಯೇ ಹತ್ತಿರ ಬಂದರು. ನಾನು ಮಾತನಾಡದೆ ಚೀಟಿ ಚಾಚಿದೆ. ನನ್ನ ಅದೃಷ್ಟಕ್ಕೆ ಶಿಷ್ಯ ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದ. “ನೀವು ಉತ್ತರಕ್ಕೆ ಬಂದಿದ್ದೀರಿ. ನಿಮಗೆ ಬೇಕಾದದ್ದು ದಕ್ಷಿಣ. ಆಚೆ ಬದಿಯ ಪ್ಲಾಟ್‌ಫಾರಂ, ನಾಲ್ಕನೆಯದರಲ್ಲಿ ಇಳಿಯಿರಿ” ಎಂದು ಬೆರಳು ಮಡಿಚಿ ತೋರಿಸಿದರು. ಪಡುವಲ ಮನೆ, ಮೂಡಲ ತೋಟ ಎಂದು ದಿಕ್ಕಿನಿಂದಲೇ ಎಲ್ಲವನ್ನೂ ಗುರುತಿಸುವ ಊರಿನಿಂದ ಬಂದ ನಾನು ಗೋಡೆಯ ಮೇಲೆ ಬರೆದಿದ್ದ ದಿಕ್ಕನ್ನು ನೋಡದೆ ಹೋಗಿದ್ದೆ. ಕ್ಷಮೆ ಕೇಳಿದೆ. ಆಕೆ ನಕ್ಕು, “ನಮ್ಮ ತಂದೆಯೂ ಈ ಊರಿಗೆ ಬಂದ ಮೊದಲ ದಿನ ದಾರಿ ತಪ್ಪಿದ್ದರು. ಬಾರ್ಬಡೋಸಿನಿಂದ ಬಸ್ ಕಂಡಕ್ಟರ್ ಕೆಲಸಕ್ಕೆ ಬಂದವರು” ಎಂದರು.

ಆ ಮಾತಿನ ಹಿಂದೆ ಒಂದು ಚರಿತ್ರೆ ಇದೆ. ಯುದ್ಧಾನಂತರ ಬಸ್ಸಿಗೂ ರೈಲಿಗೂ ಆಳು ಸಾಲದೆ, ಲಂಡನ್ ಸಾರಿಗೆ ಸಂಸ್ಥೆ 1956ರಲ್ಲಿ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಜನರನ್ನು ಆರಿಸಿಕೊಳ್ಳತೊಡಗಿತು. ಹಡಗಿನ ಖರ್ಚನ್ನು ಅಲ್ಲಿಯ ಸರ್ಕಾರ ಸಾಲವಾಗಿ ಕೊಡುತ್ತಿತ್ತು, ಸಂಬಳದಿಂದ ತೀರಿಸಬೇಕು. ಹಾಗೆ ಬಂದವರು ತಾವೇ ಕಂಡರಿಯದ ಊರಿನಲ್ಲಿ ನಿಲ್ದಾಣಗಳ ಹೆಸರು ಉರುಹೊಡೆದು, ಆ ಊರಿನವರಿಗೇ ದಾರಿ ಹೇಳಬೇಕಾಯಿತು. ಚಳಿಯ ಜೊತೆಗೆ ಅವಮಾನವನ್ನೂ ಉಂಡರು. ಅವರ ಮಗಳು ಈ ದಿನ ಇನ್ನೊಬ್ಬ ಪರದೇಶಿಗೆ ಬೆರಳು ಮಡಿಚಿ ಲೆಕ್ಕ ಹೇಳುತ್ತಿದ್ದಳು.

ಸರಿಯಾದ ಬಂಡಿಯಲ್ಲಿ ಕುಳಿತ ಮೇಲೆ ಕೈಚೀಲವನ್ನು ಎದೆಗವಚಿಕೊಂಡೆ. ಕಾರಣವಿತ್ತು. 1912ರಲ್ಲಿ ರವೀಂದ್ರನಾಥ ಠಾಕೂರರು ಮಗ ಮತ್ತು ಸೊಸೆಯೊಡನೆ ಲಂಡನ್ನಿಗೆ ಬಂದಾಗ ತಮ್ಮ ಕವಿತೆಗಳ ಇಂಗ್ಲಿಷ್ ಅನುವಾದದ ಹಸ್ತಪ್ರತಿಯಿದ್ದ ಚೀಲವನ್ನು ಮಗ ರಥೀಂದ್ರನಾಥರ ಕೈಗೆ ಕೊಟ್ಟಿದ್ದರು. ಹೊಸ ಊರು, ಹೊಸ ಬಗೆಯ ರೈಲು. ರಥೀಂದ್ರರು ಚೀಲವನ್ನು ಸುರಂಗ ರೈಲಿನಲ್ಲಿಯೇ ಮರೆತು ಇಳಿದರು. ಅದು ಗೊತ್ತಾದದ್ದು ತಂದೆ ಚೀಲ ಕೇಳಿದಾಗ. ಎದೆ ಹೊಡೆದುಕೊಳ್ಳುತ್ತ ಕಳೆದ ವಸ್ತುಗಳ ಕಚೇರಿಗೆ ಓಡಿದರೆ, ಚೀಲ ಅಲ್ಲಿ ಭದ್ರವಾಗಿತ್ತು! ಆ ಹಾಳೆಗಳೇ ಅದೇ ವರ್ಷ ಇಂಗ್ಲಿಷ್ ‘ಗೀತಾಂಜಲಿ’ಯಾಗಿ ಅಚ್ಚಾದವು, 1913ರಲ್ಲಿ ನೊಬೆಲ್ ಪಾರಿತೋಷಕ ಬಂತು. ಚೀಲವನ್ನು ಎತ್ತಿ ಕಚೇರಿಗೆ ಮುಟ್ಟಿಸಿದ ಕೈ ಯಾರದೋ. ಸಾಹಿತ್ಯ ಚರಿತ್ರೆ ಪಾಠ ಹೇಳುವಾಗ ನಾವು ಯೇಟ್ಸ್ ಕವಿಯ ಮುನ್ನುಡಿಯನ್ನು ನೆನೆಯುತ್ತೇವೆ. ಆ ಕೈಯನ್ನೂ ಇನ್ನು ಮುಂದೆ ನೆನೆಯಬೇಕೆಂದುಕೊಂಡೆ.

ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದು, ಚಲಿಸುವ ಮೆಟ್ಟಿಲಿನ ಬಲಬದಿಗೆ ಆ ಊರಿನ ಪದ್ಧತಿಯಂತೆ ಒತ್ತಿ ನಿಂತು, ಬೆಳಕಿಗೆ ಬಂದೆ. ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯ ಪಕ್ಕದಲ್ಲೇ ನಡೆದೆ. ಆ ದಂಡೆಯ ಕಲ್ಲುಗೋಡೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಕಟ್ಟಿಸಿದ್ದು, 1869ರಲ್ಲಿ ಮುಗಿದದ್ದು. ದಾರಿಯುದ್ದಕ್ಕೂ ಇನ್ನೊಂದು ಗೋಡೆಯ ಮೇಲೆ ಕೆಂಪು ಹೃದಯಗಳ ಸಾಲು. ಕೋವಿಡ್ಡಿನಲ್ಲಿ ಮಡಿದವರಿಗಾಗಿ 2021ರಲ್ಲಿ ಅವರ ಬಂಧುಗಳು ಬಿಡಿಸತೊಡಗಿದ್ದು, ಒಬ್ಬೊಬ್ಬರಿಗೆ ಒಂದೊಂದು. ಲ್ಯಾಂಬೆತ್ ಸೇತುವೆಯ ಬಳಿ ಬಸವಣ್ಣನವರಿದ್ದರು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಎದೆಮಟ್ಟದ ಪ್ರತಿಮೆ. ಆಚೆ ದಡದಲ್ಲಿ ಪಾರ್ಲಿಮೆಂಟ್ ಭವನ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ಮಹಾನುಭಾವರನ್ನು ಸ್ಥಾವರ ಮಾಡಿ ನಿಲ್ಲಿಸಿದ್ದೇವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವರ ಎದುರಿಗೆ ನದಿ ಹರಿಯುತ್ತಿತ್ತು, ಬೆನ್ನ ಹಿಂದೆ ಬಸ್ಸುಗಳು ಓಡುತ್ತಿದ್ದವು. ಎಷ್ಟೋ ದೇಶಗಳ ಜನ ಹಾದುಹೋಗುತ್ತಿದ್ದರು. ಚಪ್ಪಲಿ ಬಿಟ್ಟು ಕೈಮುಗಿದೆ. ಓಡುತ್ತಿದ್ದವನೊಬ್ಬ ನಿಂತು, ಇವರು ಯಾರು ಎಂದು ಕೇಳಿದ. ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿದೆ. ಆತ ಕೊನೆಯವರೆಗೂ ಕೇಳಿದ.

ಸಂಜೆ ದಾರಿ ತಪ್ಪದೆ ಹ್ಯಾರೋ ತಲುಪಿದೆ. ಶಿಷ್ಯ ನಿಲ್ದಾಣದ ಬಾಗಿಲಲ್ಲೇ ಕಾದು ನಿಂತಿದ್ದ. “ತೊಂದರೆ ಆಯ್ತಾ ಸಾರ್?” ಎಂದ. ಸೇಂಟ್ ಜಾನ್ಸ್ ವುಡ್ಡಿನ ವಿಷಯ ನಾನು ಹೇಳಲಿಲ್ಲ. ಈ ಬರಹ ಓದಿದರೆ ಈಗ ತಿಳಿಯುತ್ತದೆ.

ಊರಿಗೆ ಮರಳುವಾಗ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿದೆ. 2011ರಲ್ಲಿ ಮೊದಲ ಬಂಡಿ ಓಡಿಸಿದ ನಮ್ಮ ಮೆಟ್ರೋ ಈಗ ಅಲ್ಲಿ ನೆಲದಡಿಯಲ್ಲಿ ಓಡುತ್ತಿದೆ. ಅದರ ಮೊದಲ ಮಾರ್ಗದ ನೇರಳೆ ಬಣ್ಣ ಹ್ಯಾರೋ ಬಂಡಿಯ ಬಣ್ಣವನ್ನೇ ನೆನಪಿಗೆ ತಂದಿತು. ಮೇಲೆ ಬಸ್ಸುಗಳ ನಡುವೆ ಗಂಟು ಹೊತ್ತ ಮುದುಕಿಯೊಬ್ಬಳು ನಿಂತು, ಹೋಗಿಬರುವವರ ಮುಖವನ್ನೆಲ್ಲ ನೋಡುತ್ತಿದ್ದಳು. ಆ ನೋಟ ನನಗೆ ಗುರುತು ಸಿಕ್ಕಿತು. “ಎಲ್ಲಿಗೆ ಹೋಗ್ಬೇಕಮ್ಮ?” ಎಂದೆ. ಕೈಯಲ್ಲಿದ್ದ ಚೀಟಿ ಚಾಚಿದಳು. ಆ ಬಸ್ಸು ಎಲ್ಲಿ ನಿಲ್ಲುತ್ತದೆಂದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೇಳುತ್ತ ಹೊರಟೆವು.